ಬಸ್ಸಿಗಿಂತ ಮೊದಲು ಬರುತ್ತಿದ್ದ ಹಾಡು

ಮೊದಲೇ ಹೇಳಿಬಿಡುತ್ತೇನೆ, ಆ ತಂತಿಗೆ ಬೆಸುಗೆ ಹಾಕಿದ್ದು ನಾನೇ. ಡ್ರೈವರ್ ಹಾಕಿಕೊಂಡ, ತಂದಾಗಲೇ ಹಾಗಿತ್ತು ಎಂದೆಲ್ಲ ಹೇಳಿ ಜಾರಿಕೊಳ್ಳಬಹುದಿತ್ತು. ಹಾಗೆ ಹೇಳು ಅಂತ ಕಿವಿಯಲ್ಲಿ ಊದಿದವರೂ ಇದ್ದರು. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಪಕ್ಕದ ಗಲ್ಲಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡ ಹೆಂಗಸು ನಾನೊಬ್ಬಳೇ, ಅಪ್ಪ ಬಿಟ್ಟುಹೋದ ಅಂಗಡಿ ಅದು. ನನ್ನ ಕೈಯ ಬೆಸುಗೆಯನ್ನು ನನ್ನದಲ್ಲ ಅನ್ನುವಷ್ಟು ಗತಿಗೆಟ್ಟಿರಲಿಲ್ಲ ನಾನು.

ಸೊರಬದಿಂದ ಶಿಕಾರಿಪುರಕ್ಕೆ ಬರುವ ಒಂದು ಖಾಸಗಿ ಬಸ್ಸು. ಅದರ ಡ್ರೈವರ್ ಒಂದು ಮಧ್ಯಾಹ್ನ ಅಂಗಡಿಗೆ ಬಂದು ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. ಬೆರಳುದ್ದದ ಎಫ್ಎಂ ಟ್ರಾನ್ಸ್‌ಮಿಟರ್. ಹಾಡಿನ ಪ್ಲೇಯರನ್ನು ಅದಕ್ಕೆ ಸಿಕ್ಕಿಸಿದರೆ ಹಾಡನ್ನು ರೇಡಿಯೋ ತರಂಗ ಮಾಡಿ ಬಿಡುತ್ತದೆ, ಹತ್ತಿರದ ಎಫ್ಎಂ ರೇಡಿಯೋ ಅದನ್ನು ಹಿಡಿದು ನುಡಿಸುತ್ತದೆ. ಬಸ್ಸಿನ ಹಳೇ ಸ್ಟೀರಿಯೋದಲ್ಲಿ ಪೆನ್‌ಡ್ರೈವ್ ಹಾಕಲು ಜಾಗವಿರಲಿಲ್ಲ, ಕ್ಯಾಸೆಟ್ಟಿನ ಬಾಯಿ ಎಂದೋ ಮುಚ್ಚಿಹೋಗಿತ್ತು. ಉಳಿದಿದ್ದು ರೇಡಿಯೋ ಒಂದೇ. ಅದಕ್ಕೇ ಈ ಉಪಾಯ ಮಾಡಿಕೊಂಡಿದ್ದ.

"ಅಕ್ಕಾ, ಹಾಡಿಗಿಂತ ಗೊರಗೊರ ಸದ್ದೇ ಜಾಸ್ತಿ ಐತ್ರೀ. ಹಿಂದಿನ ಸೀಟಿನೋರು ನನ್ನನ್ನ ಬಾಯಿಗೆ ಬಂದಂಗೆ ಬೈತಾರೆ" ಅಂದ.

ಬಸ್ಸಿನ ಹತ್ತಿರ ಹೋಗಿ ನೋಡಿದೆ. ಮಾಡಿನ ಮೇಲಿನ ರೇಡಿಯೋ ಕಡ್ಡಿ, ಅಂದರೆ ಆಂಟೆನಾ, ಯಾವುದೋ ಮರದ ಕೊಂಬೆಗೆ ಸಿಕ್ಕಿ ಬುಡದಿಂದಲೇ ಮುರಿದಿತ್ತು. ಸ್ಟೀರಿಯೋಗೆ ಕಿವಿಯೇ ಇಲ್ಲ ಅಂದಮೇಲೆ ಅದೇನು ಕೇಳೀತು? ಅಪ್ಪ ಇದ್ದಿದ್ದರೆ ಮೊದಲು ಆ ಕಡ್ಡಿ ಸರಿಮಾಡು ಅನ್ನುತ್ತಿದ್ದರು. ಮಾಡು ಹತ್ತಬೇಕು, ಸ್ಟೀರಿಯೋ ಬಿಚ್ಚಬೇಕು, ಬಸ್ಸು ಹೊರಡಲು ಕಾಲು ಗಂಟೆ ಇದೆ. ನಾನು ಅಡ್ಡದಾರಿ ಹಿಡಿದೆ. ಟ್ರಾನ್ಸ್‌ಮಿಟರ್ ಬಿಚ್ಚಿ, ಒಳಗಿನ ಹಲಗೆಯಲ್ಲಿ ತರಂಗ ಹೊರಬೀಳುವ ಜಾಗಕ್ಕೆ ಒಂದು ತೋಳುದ್ದದ ತಾಮ್ರದ ತಂತಿ ಬೆಸೆದು, ಡ್ಯಾಶ್‌ಬೋರ್ಡಿನ ಕೆಳಗೆ ಇಳಿಬಿಡು ಅಂದೆ. ಕೇಳುವ ಕಡೆ ಇದ್ದ ದೋಷಕ್ಕೆ ಕೂಗುವ ಕಡೆ ಮದ್ದು ಹಾಕಿದ್ದೆ. ನನ್ನ ತಪ್ಪು ಅಂದರೆ ಇಷ್ಟೇ, ಆದರೆ ಇದು ಸಣ್ಣ ತಪ್ಪಲ್ಲ.

ಡ್ರೈವರ್ ಅದನ್ನು ಡ್ಯಾಶ್‌ಬೋರ್ಡಿನ ಕೆಳಗೆ ಬಿಡಲಿಲ್ಲ. ಇಷ್ಟು ತಂತಿಗೆ ಇಷ್ಟು ಚೆನ್ನಾಗಿ ಬಂದರೆ ಹೊರಗೆ ಬಿಟ್ಟರೆ ಇನ್ನೆಷ್ಟು ಅಂದುಕೊಂಡ ಪುಣ್ಯಾತ್ಮ. ಡಬ್ಬಿಯನ್ನು ಕಿಟಕಿಯ ಮೇಲಂಚಿಗೆ ಸಿಕ್ಕಿಸಿ, ತಂತಿಯನ್ನು ಹೊರಗೆಳೆದು, ಮಾಡಿನ ಮೇಲಿನ ಲಗೇಜ್ ಕ್ಯಾರಿಯರಿಗೆ ಎತ್ತಿ ಕಟ್ಟಿಬಿಟ್ಟ.

ವಾರವಾದ ಮೇಲೆ ಹಲ್ಲು ಕಿರಿಯುತ್ತ ಬಂದ. "ಅಕ್ಕಾ, ನನ್ನ ಬಸ್ಸಿನ ಹಾಡು ಊರೂರಿನ ರೇಡಿಯೋದಾಗೆ ಬರ್ತಾ ಐತಂತೆ!"

ಮಾರನೇ ದಿನ ಬೆಳಿಗ್ಗೆ ಸೊರಬಕ್ಕೆ ಹೋಗಿ, ಅಲ್ಲಿಂದ ಅದೇ ಬಸ್ಸು ಹತ್ತಿ ಕೈಯಲ್ಲೊಂದು ರೇಡಿಯೋ ಹಿಡಿದು ಕೂತೆ. ಆ ಬಸ್ಸಿಗೆ ಹೊತ್ತುಗೊತ್ತು ಎಂಬುದೇ ಇಲ್ಲ. ಅಕ್ಕಿ ಮೂಟೆ ಹತ್ತಬೇಕು, ಹಾಲಿನ ಕ್ಯಾನು ಹತ್ತಬೇಕು, ಸಂತೆ ದಿನ ಕುರಿಮರಿಗಳೂ ಹತ್ತಬೇಕು. ಒಂದು ದಿನ ಅರ್ಧ ಗಂಟೆ ಮುಂಚೆ, ಇನ್ನೊಂದು ದಿನ ಒಂದು ಗಂಟೆ ತಡ. ಹಾಗಿದ್ದೂ ಹಳ್ಳಿಯ ಸ್ಟಾಪುಗಳಲ್ಲಿ ಜನ ಚೀಲ ಹಿಡಿದು ಸಿದ್ಧವಾಗಿ ನಿಂತಿದ್ದರು, ಕಾದು ಸುಸ್ತಾದ ಮುಖ ಒಂದೂ ಇಲ್ಲ. ಗದ್ದೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ರೇಡಿಯೋ ಹಚ್ಚಿಟ್ಟುಕೊಂಡಿರುತ್ತಾರಂತೆ. ಸುಯ್ ಅನ್ನುವ ಸದ್ದು ನಿಂತು ಹಾಡು ಬಂತೋ, ಬಸ್ಸು ಎರಡು ತಿರುವು ಆಚೆ ಇದೆ ಅಂತ ಲೆಕ್ಕ. ಕೈ ತೊಳೆದು, ಸೀರೆ ಕೊಡವಿಕೊಂಡು ಹೊರಡುವುದು. ಆ ತಗ್ಗಿನ ಹಳ್ಳಿಗಳಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುವುದಿಲ್ಲ, ಫೋನ್ ಮಾಡಿ ಕೇಳುವ ಮಾತೇ ಇಲ್ಲ.

ಡೈರಿ ಸ್ಟಾಪಿನಲ್ಲಿ ಒಬ್ಬ ಹೆಂಗಸು ಹತ್ತಿದರು. ನನಗಿಂತ ಏಳೆಂಟು ವರ್ಷ ದೊಡ್ಡವರು, ಕಾಲು ಬಾತು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಕುರಿ ಸಾಕುವ ಮನೆಯವರು. ಗಂಡ ಬೆಳಿಗ್ಗೆ ಕುರಿಯ ಹಿಂದೆ ಹೋದರೆ ಸಂಜೆಗೇ ಬರುವುದು. ಮೊದಲು ಇವರೂ ಹೋಗುತ್ತಿದ್ದರಂತೆ, ಕಿಡ್ನಿ ಕೆಟ್ಟಮೇಲೆ ಬಿಟ್ಟರು. ವಾರಕ್ಕೆರಡು ಸಲ, ಮಂಗಳವಾರ, ಶುಕ್ರವಾರ, ಡಯಾಲಿಸಿಸ್‌ಗೆ ಶಿಕಾರಿಪುರಕ್ಕೆ ಬರಬೇಕು.

"ರೇಡಿಯೋ ಅಕ್ಕಾರು ಇವರೇ" ಅಂತ ಡ್ರೈವರ್ ತೋರಿಸಿದ್ದೇ ತಡ, ನನ್ನ ಪಕ್ಕ ಬಂದು ಕೂತು ಕೈ ಹಿಡಿದುಕೊಂಡರು. "ನಿನ್ನ ಹೊಟ್ಟೆ ತಣ್ಣಗಿರ್ಲಿ ತಂಗಿ. ಈ ಸ್ಟಾಪಿನಾಗೆ ನೆಳ್ಳಿಲ್ಲ, ಕೂರಾಕೆ ಕಲ್ಲಿಲ್ಲ. ಹತ್ತು ನಿಮಿಷದ ಮ್ಯಾಲೆ ನಿಂತ್ರೆ ನನಗೆ ಕಣ್ಣು ಕತ್ಲೆ ಬರ್ತದೆ. ಈಗ ಮನೇಲೇ ಮಲಗಿರ್ತೀನಿ. ಹಾಡು ಬಂದ ಮ್ಯಾಲೇ ಏಳೋದು."

ಲೈಸೆನ್ಸಿಲ್ಲದೆ ಅಷ್ಟು ದೂರ ತರಂಗ ಬಿಡುವುದು ಕಾನೂನಿಗೆ ವಿರುದ್ಧ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅಂದೇ ಅಂಗಡಿಗೆ ಕರೆಸಿ ತಂತಿ ಕಿತ್ತುಹಾಕಬೇಕಿತ್ತು. ಹಾಕಲಿಲ್ಲ. ಮನಸ್ಸು ಬರಲಿಲ್ಲ, ಅಷ್ಟೇ.

ಕೆಟ್ಟಿದ್ದು ಡ್ರೈವರನ ಬೆರಳಿನಿಂದ. ಟ್ರಾನ್ಸ್‌ಮಿಟರಿನ ಗುಂಡಿ ಒತ್ತಿ ಒತ್ತಿ ಆಡುತ್ತಿದ್ದವನು, ಯಾವ ನಿಲಯವೂ ಇಲ್ಲದ ಖಾಲಿ ಜಾಗದಲ್ಲಿದ್ದ ತರಂಗವನ್ನು ನಿಜವಾದ ರೇಡಿಯೋ ನಿಲಯದ ಮಗ್ಗುಲಿಗೇ ತಂದು ನಿಲ್ಲಿಸಿದ. ದಾರಿಯ ಊರೊಂದರಲ್ಲಿ ನಿವೃತ್ತ ಮಾಸ್ತರರೊಬ್ಬರಿಗೆ ದಿನಾ ಬೆಳಗಿನ ವಾರ್ತೆಯ ನಡುವೆ ಸಿನಿಮಾ ಹಾಡು ನುಗ್ಗತೊಡಗಿತು. ಅವರು ಅರ್ಜಿ ಬರೆದರು. ಅವರದ್ದೇನೂ ತಪ್ಪಿಲ್ಲ, ನಾನಾಗಿದ್ದರೂ ಬರೆಯುತ್ತಿದ್ದೆ.

ತರಂಗ ತಪಾಸಣೆಯ ಅಧಿಕಾರಿ ಜೀಪಿನಲ್ಲಿ ಬಂದರು. ಕನ್ನಡಕ ಹಾಕಿದ, ಮೆತ್ತಗೆ ಮಾತಾಡುವ ಮನುಷ್ಯ. ಬಸ್ಸನ್ನು ಸ್ಟ್ಯಾಂಡಿನ ಮೂಲೆಗೆ ನಿಲ್ಲಿಸಿ, ಕೈಯಲ್ಲಿ ಮೀಟರ್ ಹಿಡಿದು ಹೆಜ್ಜೆ ಎಣಿಸುತ್ತ ನಡೆದರು. ಸ್ಟ್ಯಾಂಡು ದಾಟಿದರು, ಗಲ್ಲಿ ದಾಟಿದರು, ನನ್ನ ಅಂಗಡಿ ದಾಟಿ ಮುಂದೆ ಹೋದರು. ತಿರುಗಿ ಬಂದು ಮೀಟರನ್ನು ನನ್ನ ಮುಖಕ್ಕೆ ಹಿಡಿದರು. "ನೋಡ್ರೀ ಅಮ್ಮ, ಇನ್ನೂ ತೋರಿಸ್ತಾ ಇದೆ. ಇದು ಆಟದ ಸಾಮಾನಲ್ಲ, ನಿಲಯ ಆಗಿಬಿಟ್ಟಿದೆ. ಯಾರು ಮಾಡಿದ್ದು?"

"ನಾನೇ ಸಾರ್."

ಅವರಿಗೆ ಸ್ವಲ್ಪ ಕಸಿವಿಸಿ ಆಯಿತು. ಯಾರೂ ಹಾಗೆ ಒಪ್ಪಿಕೊಳ್ಳುವುದಿಲ್ಲವೇನೋ. ತಂತಿ ಕತ್ತರಿಸಿ ಅಂದರು, ಅವರ ಮುಂದೆಯೇ ಕತ್ತರಿಸಿದೆ. ಟ್ರಾನ್ಸ್‌ಮಿಟರನ್ನು ಲಕೋಟೆಗೆ ಹಾಕಿ ಅರಗು ಒತ್ತಿದರು, ಮಹಜರು ಬರೆದರು. ತಂತಿ ತುಂಡನ್ನು ನೋಡಿ, "ಅದು ನಿಮ್ಮ ಹತ್ರಾನೇ ಇರ್ಲಿ" ಅಂದರು. ಆಮೇಲೆ ಟೈಪ್ ಮಾಡಿ ತಂದಿದ್ದ ಮುಚ್ಚಳಿಕೆ ಮುಂದಿಟ್ಟರು. ಇನ್ನು ಮೇಲೆ ಯಾವುದೇ ಬಗೆಯ ಟ್ರಾನ್ಸ್‌ಮಿಟರನ್ನು ಇಡುವುದಿಲ್ಲ, ಮಾರುವುದಿಲ್ಲ, ಮುಟ್ಟುವುದಿಲ್ಲ ಅಂತ.

"ಇದಕ್ಕೆ ರುಜು ಹಾಕಲ್ಲ" ಅಂದೆ.

"ಯಾಕ್ರೀ?"

"ತಂತಿ ಹಚ್ಚಿದ್ದು ತಪ್ಪು, ಒಪ್ಪಿದೆ. ಆ ಬಗ್ಗೆ ಬರೀರಿ, ಈಗ್ಲೇ ಹಾಕ್ತೀನಿ. ಮುಟ್ಟಲ್ಲ ಅಂತ ಹೆಂಗೆ ಬರ್ಕೊಡ್ಲಿ? ತಂತಿ ಇಲ್ದೇ ಇರೋ ಡಬ್ಬಿ ಎಷ್ಟು ಕಾರಿನಾಗಿಲ್ಲ ಹೇಳ್ರಿ? ಅಷ್ಟು ಶಕ್ತಿಗೆ ನಿಮ್ಮ ಕಾನೂನೇ ಬಿಡೋದಾದ್ರೆ ನಾನ್ಯಾಕೆ ಬಿಡ್ಬೇಕು?"

"ವಾದ ಮಾಡ್ಬೇಡಿ. ರುಜು ಹಾಕ್ದಿದ್ರೆ ನೋಟಿಸ್ ಬರುತ್ತೆ."

"ಬರ್ಲಿ ಸಾರ್. ಪೋಸ್ಟ್‌ಮ್ಯಾನ್‌ಗೆ ಅಂಗಡಿ ಗೊತ್ತು."

ಅವರು ಹೋದಮೇಲೆ, ಸುಳ್ಳು ಯಾಕೆ ಹೇಳಲಿ, ಅಂಗಡಿಗೆ ಬೀಗ ಬಿದ್ದರೆ ಏನು ಮಾಡಬೇಕು ಅಂತ ಹೆದರಿಕೆಯಾಯಿತು. ಆದರೂ ಆ ಕಾಗದಕ್ಕೆ ರುಜು ಹಾಕಿದ್ದರೆ ಕೆಲಸವನ್ನೇ ಬರೆದುಕೊಟ್ಟ ಹಾಗಾಗುತ್ತಿತ್ತು.

ಬಸ್ಸಿನಲ್ಲಿ ಹಾಡು ನಿಂತಿತು. ಡ್ರೈವರ್ ಕುರಿಮನೆಯ ಹಿಂದಿನ ಕಾಲುವೆ ಏರಿಯ ಮೇಲೆ ಹಾದುಹೋಗುವಾಗ ಹಾರನ್ ಹೊಡೆದು ನೋಡಿದ. ಆ ತಿರುವಿನಲ್ಲಿ ಲಾರಿ, ಟ್ರ್ಯಾಕ್ಟರ್ ಎಲ್ಲವೂ ಹಾರನ್ ಹೊಡೆಯುವವೇ. ಕುರಿಮನೆಯ ಅಕ್ಕ ಪ್ರತಿ ಹಾರನ್‌ಗೂ ಎದ್ದು ಸ್ಟಾಪಿಗೆ ಹೋಗಿ ವಾಪಸು ಬರುವುದಾಯಿತು. ಎರಡನೇ ವಾರ ಒಂದು ಮಂಗಳವಾರ ಬಸ್ಸು ತೀರಾ ತಡವಾಯಿತು. ಬಿಸಿಲಲ್ಲಿ ನಿಂತಿದ್ದ ಅಕ್ಕ ಹಾಗೇ ಕುಸಿದುಬಿದ್ದರು. ಡೈರಿಗೆ ಬಂದವರು ಎತ್ತಿಕೊಂಡು ಹೋಗಿ ಮನೆಗೆ ಮುಟ್ಟಿಸಿದರು. ಅಷ್ಟರಲ್ಲಿ ಬಸ್ಸು ಬಂದು ಹೋಗಿತ್ತು. ಡಯಾಲಿಸಿಸ್ ತಪ್ಪಿತು. ಗುರುವಾರ ಉಸಿರು ಕಟ್ಟಿ, ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದರು.

ಡ್ರೈವರ್ ಬಂದು ಹೇಳಿದ. ಓಡಿದೆ. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿ ಮಲಗಿಸಿದ್ದರು. ಮುಖ ಊದಿ ಗುರುತೇ ಸಿಗುವಂತಿರಲಿಲ್ಲ. ನನ್ನನ್ನು ನೋಡಿ ಮೆಲ್ಲಗೆ, "ಹಾಡು ಯಾಕೆ ನಿಲ್ಸಿದ್ರಿ ತಂಗಿ?" ಅಂದರು. ಬೈದಿದ್ದಲ್ಲ, ಬರೀ ಕೇಳಿದ್ದು. ಹೊರಗೆ ಬಂದು ಆಸ್ಪತ್ರೆಯ ಗೋಡೆಗೆ ಮುಖ ಮಾಡಿ ಅತ್ತೆ. ಅಳು ನಿಂತಮೇಲೆ ಬಂದಿದ್ದು ಸಿಟ್ಟು. ಡ್ರೈವರನ ಮೇಲೆ, ಅಧಿಕಾರಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ದಿನ ಕಡ್ಡಿ ಸರಿಮಾಡದೆ ತಂತಿ ಬೆಸೆದ ನನ್ನ ಮೇಲೆ.

"ಸುಮ್ನೆ ಮತ್ತೊಂದು ತಂತಿ ಹಚ್ಚಿಬಿಡಿ ಅಕ್ಕಾ. ನೋಡ್ಕೊಳ್ಳೋಣ" ಅಂದ ಡ್ರೈವರ್. ಆಸೆಯೇನೋ ಆಯಿತು. ಆದರೆ ಕದ್ದು ಮಾಡಿದ ಹಾಡು ಯಾವತ್ತಾದರೂ ನಿಲ್ಲುವುದೇ, ಆಗ ಆಕೆ ಮತ್ತೆ ಬಿಸಿಲಲ್ಲಿ. ಲೈಸೆನ್ಸ್ ತೆಗೆಸೋಣ ಅಂತ ಅರ್ಜಿ ನಮೂನೆ ತರಿಸಿ ನೋಡಿದೆ. ಉಪಕರಣ ಇರುವ ಸ್ಥಳ, ಕಂಬದ ಎತ್ತರ, ಕಟ್ಟಡದ ನಕ್ಷೆ ಬರೆಯಿರಿ ಅಂತಿತ್ತು. ಓಡುವ ಬಸ್ಸಿಗೆ ಯಾವ ನಕ್ಷೆ ಕೊಡುವುದು! ಫೋನ್ ಮಾಡಿ ವಿಚಾರಿಸಿದರೆ, ಇದೆಲ್ಲ ನಿಮ್ಮಂಥೋರಿಗಲ್ಲ ಅಂದರು. ನಮ್ಮಂಥೋರು ಅಂದರೆ ಯಾರು ಅಂತ ಕೇಳಿದೆ. ಫೋನ್ ಇಟ್ಟರು.

ಅಷ್ಟರಲ್ಲಿ ನೋಟಿಸೂ ಬಂತು, ಸೊರಬದ ಪ್ರವಾಸಿ ಮಂದಿರಕ್ಕೆ ಬಂದು ಹೇಳಿಕೆ ಕೊಡಬೇಕು, ಅಂಗಡಿಯ ಕಾಗದಪತ್ರ ತರಬೇಕು ಅಂತ. ಅಪ್ಪನ ತಗಡಿನ ಟ್ರಂಕು ಎಳೆದು ಹುಡುಕಲು ಕೂತೆ. ಕಾಗದಗಳ ಅಡಿಯಲ್ಲಿ ಒಂದು ಪುಟ್ಟ ಪುಸ್ತಕ ಸಿಕ್ಕಿತು. ರೇಡಿಯೋ ಲೈಸೆನ್ಸು, ಒಳಗೆ ಪೋಸ್ಟಾಫೀಸಿನ ಮುದ್ರೆಗಳು. ಮನೆಯಲ್ಲಿ ರೇಡಿಯೋ ಇಟ್ಟುಕೊಂಡು ಕೇಳುವುದಕ್ಕೇ ಹಿಂದೆ ಲೈಸೆನ್ಸ್ ಬೇಕಿತ್ತು. ಅಪ್ಪ ವರ್ಷವರ್ಷವೂ ಪೋಸ್ಟಾಫೀಸಿಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದದ್ದು ನನಗೆ ಮಸುಕಾಗಿ ನೆನಪಿದೆ. ಆಮೇಲೆ ಸರ್ಕಾರವೇ ಅದನ್ನು ತೆಗೆದುಹಾಕಿತು.

ಆ ಮುದ್ರೆಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ಆಮೇಲೆ, "ಅಯ್ಯೋ ದಡ್ಡಿ!" ಅಂತ ಹಣೆ ಚಚ್ಚಿಕೊಂಡೆ. ಕೂಗುವುದಕ್ಕೆ ತಾನೇ ಮಿತಿ ಇರುವುದು? ಕೇಳುವುದಕ್ಕೆ ಈಗ ಯಾವ ಮಿತಿಯೂ ಇಲ್ಲ, ಎಷ್ಟು ದೊಡ್ಡ ಕಿವಿ ಬೇಕಾದರೂ ಕಟ್ಟಿಕೊಳ್ಳಬಹುದು. ಮೊದಲ ದಿನ ಬಸ್ಸಿನಲ್ಲಿ ಮಾಡದೆ ಬಿಟ್ಟ ಕೆಲಸವನ್ನೇ ಈಗ ಕುರಿಮನೆಯಲ್ಲಿ ಮಾಡಬೇಕಿತ್ತು. ಬಸ್ಸು ಸೊರಬದ ಕಡೆಯಿಂದ ಬರುವಾಗ ಮೊದಲು ಆ ಮನೆಯ ಕುರಿದೊಡ್ಡಿಯ ಹಿಂದೆ, ಕಾಲುವೆ ಏರಿಯ ಮೇಲೆಯೇ ಹಾದುಹೋಗುತ್ತದೆ. ನಡುವೆ ಕಾಲುವೆ ಇರುವುದರಿಂದ ಅಲ್ಲಿ ಹತ್ತುವಂತಿಲ್ಲ. ಮುಂದಿನ ಕೇರಿಗೆ ಹೋಗಿ, ಜನ ಹತ್ತಿಸಿ, ತಿರುಗಿಸಿಕೊಂಡು ಡೈರಿ ಸ್ಟಾಪಿಗೆ ಬರಲು ಕಾಲು ಗಂಟೆ ಬೇಕು. ಆಕೆಗೆ ಅಷ್ಟು ಸಾಕು.

ಪ್ರವಾಸಿ ಮಂದಿರದಲ್ಲಿ ಅಧಿಕಾರಿ ಅದೇ ಮುಚ್ಚಳಿಕೆ ತೆಗೆದಿಟ್ಟರು. ನಾನು ನನ್ನ ಕೈಬರಹದ ಇನ್ನೊಂದನ್ನು ಅದರ ಮೇಲಿಟ್ಟೆ. ತಂತಿ ಹಚ್ಚಿದ್ದು ನಾನು, ತಪ್ಪಾಯಿತು, ಇನ್ನು ಹಚ್ಚುವುದಿಲ್ಲ. ಅಷ್ಟೇ ಬರೆದಿದ್ದೆ.

"ನೀವು ಬಹಳ ಹಟಮಾರಿ ಇದ್ದೀರಿ ಕಣ್ರೀ" ಅಂದರು.

"ಹೌದು ಸಾರ್. ಈಗ ನೀವೂ ಒಂದು ಬರ್ಕೊಡ್ಬೇಕು. ತಂತಿ ಇಲ್ದೇ, ನಿಮ್ಮ ಮಿತಿಯೊಳಗೆ ಬಸ್ಸಿನಾಗೆ ಅದನ್ನ ಹಚ್ಚಿದ್ರೆ ನಿಮ್ಮ ಅಡ್ಡಿ ಇಲ್ಲ ಅಂತ."

ಲಕೋಟೆ ಒಡೆದರು, ಟ್ರಾನ್ಸ್‌ಮಿಟರಿಗೆ ಕರೆಂಟು ಕೊಟ್ಟು ಮೀಟರ್ ಹಿಡಿದು ಅಂಗಳದ ಕೊನೆವರೆಗೆ ನಡೆದರು. ಕೆಲವು ಹೆಜ್ಜೆಗೇ ತರಂಗ ಸತ್ತುಹೋಯಿತು. ಒಳಗೆ ಬಂದು, ಅಡ್ಡಿ ಇಲ್ಲ ಅಂತ ಬರೆದರು.

"ಇನ್ನೊಂದು ಸಾಲು. ರೇಡಿಯೋ ಕೇಳೋದಕ್ಕೆ, ಅದಕ್ಕೆ ಆಂಟೆನಾ ಕಟ್ಟೋದಕ್ಕೆ ಲೈಸೆನ್ಸ್ ಬೇಕಾ ಸಾರ್?"

"ಈ ಕಾಲದಲ್ಲಿ ಯಾರ್ರೀ ಕೇಳ್ತಾರೆ ಅದನ್ನ? ಬೇಡ."

"ಅದನ್ನೂ ಬರೀರಿ."

ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ನಾನೂ ನೋಡಿದೆ. ಬರೆದು, ರುಜು ಹಾಕಿ, ಮೊಹರು ಒತ್ತಿ, ಟ್ರಾನ್ಸ್‌ಮಿಟರನ್ನೂ ವಾಪಸು ಕೊಟ್ಟರು. ನಮ್ಮ ಅಂಗಡಿಯಲ್ಲಿ ಅಪ್ಪನ ಫೋಟೋದ ಕೆಳಗೆ ಆ ಕಾಗದವೇ ಚೌಕಟ್ಟಿನಲ್ಲಿದೆ.

ಮೊದಲು ಬಸ್ಸಿನ ಮಾಡು ಹತ್ತಿ ಮುರಿದ ಕಡ್ಡಿ ಬದಲಾಯಿಸಿದೆ. ಅರ್ಧ ದಿನದ ಕೆಲಸ. ಗೊರಗೊರ ಸದ್ದು ಹೋಗಿ ಹಾಡು ಕನ್ನಡಿಯಂತೆ ಬಂತು. ಅಂದೇ ಇದನ್ನು ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತರಂಗವನ್ನು ಮತ್ತೆ ಖಾಲಿ ಜಾಗದಲ್ಲಿ ನಿಲ್ಲಿಸಿ, ಡ್ರೈವರ್ ಆಡದ ಹಾಗೆ ಗುಂಡಿಯ ಮೇಲೊಂದು ಮುಚ್ಚಳ ಅಂಟಿಸಿದೆ.

ಅಷ್ಟರಲ್ಲಿ ಅಕ್ಕ ಚೇತರಿಸಿಕೊಂಡು ಮನೆಗೆ ಬಂದಿದ್ದರು. ಕುರಿಮನೆಯ ಕೆಲಸ ಮೊದಲ ದಿನ ಕೈಕೊಟ್ಟಿತು. ದೊಡ್ಡಿಯ ಮುಳ್ಳುತಂತಿಯ ಬೇಲಿ ಸೀದಾ ಏರಿಯ ತನಕ ಹೋಗುತ್ತಿತ್ತು, ಅದಕ್ಕೇ ರೇಡಿಯೋ ಕಟ್ಟಿದರೆ ಆಯಿತು ಅಂದುಕೊಂಡಿದ್ದೆ. ತುಕ್ಕು ಹಿಡಿದ ತಂತಿ, ಅದರ ತುಂಬ ಹಸಿ ಬಳ್ಳಿ. ಬಂದ ಅಲ್ಪಸ್ವಲ್ಪ ತರಂಗವೂ ನೆಲಕ್ಕೇ ಇಳಿದುಹೋಯಿತು. ಬಸ್ಸು ಹಾದುಹೋದರೂ ರೇಡಿಯೋ ಸುಯ್ ಅನ್ನುತ್ತಲೇ ಇತ್ತು. ಅಕ್ಕ ಚಹಾ ಕೊಟ್ಟರು.

ಹೊರಡುವಾಗ ಹಿತ್ತಲಲ್ಲಿ ಅವರೆ ಬಳ್ಳಿ ಹಬ್ಬಿದ ಒಂದು ಕಂಬ ಕಣ್ಣಿಗೆ ಬಿತ್ತು. ಬಳ್ಳಿ ಸರಿಸಿ ನೋಡಿದರೆ ಹಳೇ ಟಿವಿ ಆಂಟೆನಾ! ಡಿಶ್ ಬಂದಮೇಲೆ ಬಳ್ಳಿಗೆ ಆಸರೆಯಾಗಲಿ ಅಂತ ನೆಟ್ಟಿದ್ದರು.

"ಅಕ್ಕಾ, ಇದು ನಂಗೆ ಬೇಕು."

"ಅವರೆಕಾಯಿ ಕುಯ್ಕೊಂಡು ತಗೋ ಮತ್ತೆ" ಅಂದರು. ಆಸ್ಪತ್ರೆಯಿಂದ ಬಂದಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ.

ಮಾರನೇ ದಿನ ಆಂಟೆನಾದ ಕೊಳವೆಗಳನ್ನು ಎಫ್ಎಂಗೆ ಹೊಂದುವ ಅಳತೆಗೆ ಕೂರಿಸಿದೆ. ಒಂದು ಕಡೆಯ ತೋಳು ತುಕ್ಕು ತಿಂದು ಮುರಿದಿತ್ತು. ಚೀಲದಲ್ಲಿ ಕೈಯಾಡಿಸಿದರೆ ಸಿಕ್ಕಿದ್ದು ಅದೇ ತಂತಿ, ಅಧಿಕಾರಿ ನನ್ನ ಹತ್ತಿರವೇ ಬಿಟ್ಟುಹೋದದ್ದು. ಅಳತೆಯೂ ಸರಿಯಾಗಿತ್ತು. ಬಿದಿರಿನ ಕಡ್ಡಿಗೆ ಬಿಗಿದು ತೋಳಿನ ಜಾಗಕ್ಕೆ ಕಟ್ಟಿದೆ. ದೊಡ್ಡಿಯ ಹಿಂದಿನ ಮೂಲೆಯಲ್ಲಿ ಕಂಬ ನೆಟ್ಟು, ಆಂಟೆನಾವನ್ನು ಏರಿಯ ಕಡೆ ತಿರುಗಿಸಿ, ಕೇಬಲ್ ಟಿವಿಯ ಹಳೇ ವೈರಿನಲ್ಲಿ ಮನೆಯೊಳಗಿನ ರೇಡಿಯೋಗೆ ಸೇರಿಸಿದೆ. ಅಕ್ಕ ಮಂಚದ ಮೇಲೆ ಕೂತು ರೇಡಿಯೋ ಕಡೆಗೇ ಕಿವಿಗೊಟ್ಟಿದ್ದರು.

ಸುಯ್ ನಿಂತಿತು. ಹಾಡು ಬಂತು, ಒಂದು ನಿಮಿಷವಿದ್ದು ಹೋಯಿತು. ಅಕ್ಕ ಚಪ್ಪಲಿ ಹುಡುಕತೊಡಗಿದರು. "ಇವತ್ತು ಬುಧವಾರ ಅಕ್ಕಾ!" ಅಂದೆ.

ಈಗ ಆ ದಾರಿಯಲ್ಲಿ ಬಹಳ ಮನೆಗಳ ಆಂಟೆನಾಗಳು ಬಳ್ಳಿ ಬಿಟ್ಟು ಮತ್ತೆ ಮೇಲೆದ್ದಿವೆ. ಯಾರದ್ದೋ ಬಾಯಿಂದ ಸುದ್ದಿ ಹೋಯಿತೇನೋ, ತಿಂಗಳಾದ ಮೇಲೆ ಅಧಿಕಾರಿ ಮತ್ತೆ ಬಂದರು. ಹಾಡು ಮತ್ತೆ ಊರೂರಲ್ಲಿ ಬರ್ತಿದೆಯಂತೆ, ತಂತಿ ಹಚ್ಚಿದ್ದೀರಾ ಅಂದರು. ಬನ್ನಿ ಸಾರ್ ನೋಡೋಣ ಅಂತ ಅವರ ಜೀಪಿನಲ್ಲೇ ಡೈರಿ ಸ್ಟಾಪಿಗೆ ಕರೆದುಕೊಂಡು ಹೋದೆ. ಅವತ್ತು ಶುಕ್ರವಾರ.

ಬಸ್ಸಿನ ಸುಳಿವೇ ಇರಲಿಲ್ಲ. ಖಾಲಿ ರಸ್ತೆ, ಖಾಲಿ ಸ್ಟಾಪು. ಅಷ್ಟರಲ್ಲಿ ಅಕ್ಕ ಚೀಲ ಹಿಡಿದು, ನಿಧಾನವಾಗಿ, ಕಾಲು ನೋಡಿಕೊಂಡು ಬಂದು ನಿಂತರು. ಅವರು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಸ್ಸು ತಿರುವಿನಲ್ಲಿ ಕಾಣಿಸಿತು. ಅಧಿಕಾರಿ ಅವರನ್ನು ನೋಡಿದರು, ಬಸ್ಸನ್ನು ನೋಡಿದರು, ದೂರದಲ್ಲಿ ದೊಡ್ಡಿಯ ಮೂಲೆಯ ಆಂಟೆನಾವನ್ನೂ ನೋಡಿದರು. ಮೀಟರ್ ತೆಗೆದು ಬಸ್ಸಿನ ಬದಿಯಿಂದ ಹೆಜ್ಜೆ ಎಣಿಸಿದರು. ಮಿತಿಯೊಳಗೇ ಇತ್ತು. ಇನ್ನೊಂದು ಸಲ ಎಣಿಸಿದರು. ಆಗಲೂ ಅಷ್ಟೇ.

ಅಕ್ಕ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು. ಕೆಳಗೆ ಮೀಟರ್ ಹಿಡಿದು ನಿಂತವರು ಯಾರು ಅಂತ ಕಂಡಕ್ಟರ್ ಅವರ ಕಿವಿಯಲ್ಲಿ ಹೇಳಿರಬೇಕು. ಕಿಟಕಿಯಿಂದ ಕತ್ತು ಹೊರಗೆ ಹಾಕಿ ಅಧಿಕಾರಿಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮುಂದಕ್ಕೆ ತಿರುಗಿ ಡ್ರೈವರನಿಗೆ ಕೂಗಿದರು.

"ತಮ್ಮಾ, ಹಾಡು ಜೋರು ಮಾಡೋ!"

ಅವನು ಪ್ಲೇಯರಿನ ವಾಲ್ಯೂಮನ್ನು ಕೊನೆವರೆಗೆ ಏರಿಸಿದ. ಬಸ್ಸಿನ ಗಾಜು ಅದುರಿತು, ಡೈರಿಯವರು ಹೊರಗೆ ಬಂದು ನೋಡಿದರು. ಅಧಿಕಾರಿ ಗಾಬರಿಯಾಗಿ ಮೀಟರ್ ಕಡೆ ಬಗ್ಗಿದರು. ಎಫ್ಎಂನಲ್ಲಿ ಹಾಡು ಎಷ್ಟೇ ಜೋರಾದರೂ ತರಂಗದ ಶಕ್ತಿ ಹೆಚ್ಚುವುದಿಲ್ಲ, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಬಸ್ಸು ಅಕ್ಕನನ್ನು ಕೂರಿಸಿಕೊಂಡು ಶಿಕಾರಿಪುರದ ದಾರಿ ಹಿಡಿಯಿತು. ಅದು ಹೊರಡುವವರೆಗೂ ನಾವಿಬ್ಬರೂ ಆ ಮೀಟರನ್ನೇ ನೋಡುತ್ತ ನಿಂತಿದ್ದೆವು. ಅಂಕಿ ಇದ್ದಲ್ಲಿಂದ ಅಲುಗಲಿಲ್ಲ.